ಏಷ್ಯನ್ ಊಟದ ಹೋಟೆಲ್: ನಕ್ಷತ್ರ ಎಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಆಗಾಗ ಬೆಂಗಳೂರಿನ ಜಪಾನಿ, ಥಾಯ್, ಕೊರಿಯನ್ ಹೋಟೆಲುಗಳ ಪರಿಚಯ ಬರುತ್ತದೆ. ಒಳಗಿನ ಅಲಂಕಾರದ ಫೋಟೊ, ಇಬ್ಬರಿಗೆ ತಗಲುವ ಖರ್ಚು, ಐದಕ್ಕೆ ಎಷ್ಟು ನಕ್ಷತ್ರ, ಅಲ್ಲಿಗೆ ಮುಗಿಯಿತು. ಕಾರವಾರ, ಕುಮಟಾ, ಶಿರಸಿ ಕಡೆಯ ಎಷ್ಟೋ ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರು ಸೇರಿದ್ದಾರೆ. ಅವರನ್ನು ನೋಡಲು ಹೋದ ಅಪ್ಪ ಅಮ್ಮನೂ ಈಗ ಇಂಥ ಹೋಟೆಲಿಗೆ ಹೋಗಿ ಕೂರುತ್ತಾರೆ. ತಟ್ಟೆಯಲ್ಲಿ ಏನಿದೆ, ಅದನ್ನು ಹೇಗೆ ಮಾಡಿದ್ದಾರೆ ಎಂದು ತಿಳಿಯುವ ದಾರಿಯನ್ನು ಯಾರೂ ಹೇಳುವುದಿಲ್ಲ. ಅಡುಗೆ ವೃತ್ತಿಯಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯಲು ಅದೇ ಕಾರಣ.

'ಪ್ಯಾನ್ ಏಷ್ಯನ್', ಅಂದರೆ ಏಷ್ಯಾದ ಹಲವು ದೇಶಗಳ ಅಡುಗೆ ಒಂದೇ ಕಡೆ, ಎಂಬ ಬೋರ್ಡು ಕಂಡರೆ ಒಳಗೆ ಕಾಲಿಡುವ ಮುಂಚೆ ಮೆನು ನೋಡಿ. ಹುಳಿ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು ಇಟ್ಟು ಕೊಡುವ ಜಪಾನಿ ಸುಶಿಗೆ ಮೀನಿನ ತಣ್ಣನೆ ಪೆಟ್ಟಿಗೆ ಮತ್ತು ಅನ್ನ ಕಲಸುವ ನುರಿತ ಕೈ ಬೇಕು. ರಾಮೆನ್ ಎಂಬ ಜಪಾನಿ ನೂಡಲ್ಸಿಗೆ ಹಂದಿ ಅಥವಾ ಕೋಳಿ ಮೂಳೆಯನ್ನು ತಾಸುಗಟ್ಟಲೆ ಕುದಿಸಿದ ಸಾರು ಬೇಕು. ಡಿಮ್ ಸಮ್ ಎಂಬ ಚೀನೀ ಕಡುಬಿಗೆ ಹಬೆ ಪಾತ್ರೆಯ ಮುಂದೆ ಒಬ್ಬ, ಚೈನೀಸ್‌ಗೆ ಭರ್ರೆನ್ನುವ ದೊಡ್ಡ ಒಲೆ ಮತ್ತು ವೋಕ್ ಎಂಬ ಬಾಣಲೆ ಹಿಡಿದ ಇನ್ನೊಬ್ಬ. ಇಷ್ಟನ್ನೂ ಒಂದೇ ಸಣ್ಣ ಅಡುಗೆಮನೆಯಲ್ಲಿ ನಾಲ್ಕು ಜನ ಮಾಡುತ್ತೇವೆಂದರೆ ಕೆಲಸ ಮಾಡುವುದು ಅಡುಗೆಯವರಲ್ಲ, ಬಾಟಲಿ ಸಾಸ್ ಮತ್ತು ಫ್ರೀಜರ್. ಹೆಸರು ಐದು ದೇಶದ್ದಾದರೂ ರುಚಿ ಒಂದೇ ಆಗುವುದು ಹೀಗೆ. ಪ್ರತಿ ಅಡುಗೆಗೂ ಬೇರೆ ಬಾಣಸಿಗರನ್ನು ಇಟ್ಟುಕೊಳ್ಳುವ ದೊಡ್ಡ ಹೋಟೆಲುಗಳೂ ಇವೆ, ಅವುಗಳ ಮಾತು ಬೇರೆ. ಮಧ್ಯಮ ಖರ್ಚಿನಲ್ಲಿ ಉಣ್ಣುವವರು ಒಂದೇ ದೇಶದ ಅಡುಗೆ ಮಾಡುವ, ಮೆನು ಎರಡು ಪುಟ ದಾಟದ ಜಾಗ ಹುಡುಕುವುದು ಒಳ್ಳೆಯದು. ಆ ದೇಶದವರೇ ಅಲ್ಲಿ ಬಂದು ಉಣ್ಣುತ್ತಿದ್ದರೆ ಇನ್ನೂ ಒಳ್ಳೆಯದು. ಕಮ್ಮನಹಳ್ಳಿ, ಕಲ್ಯಾಣನಗರದ ಕಡೆ ಕೆಲವು ಕೊರಿಯನ್ ಹೋಟೆಲುಗಳಲ್ಲಿ ಇದನ್ನು ಕಾಣಬಹುದು. ಅಲ್ಲಿ ಊಟಕ್ಕೆ ಮುಂಚೆ ಬರುವ ಸಣ್ಣ ಸಣ್ಣ ಬಟ್ಟಲಿನ ಪಲ್ಯ, ಕಿಮ್ಚಿಗಳಿಗೆ (ಖಾರ ಹಾಕಿ ಹುದುಗಿಸಿದ ತರಕಾರಿ) ಸಾಮಾನ್ಯವಾಗಿ ಬೇರೆ ಬಿಲ್ ಇರುವುದಿಲ್ಲ. ಖಾಲಿಯಾದರೆ ಮತ್ತೆ ಕೇಳಲು ಸಂಕೋಚ ಬೇಡ, ಅದು ಅವರ ಪದ್ಧತಿಯೇ.

ತೆಂಗಿನಕಾಯಿಯ ವಿಷಯದಲ್ಲಿ ನಮ್ಮ ಕರಾವಳಿಯವರ ನಾಲಿಗೆಗೆ ಮೋಸ ಮಾಡುವುದು ಕಷ್ಟ. ಹಾಗಾಗಿ ಥಾಯ್ ಹೋಟೆಲ್ ಪರೀಕ್ಷೆಗೆ ಗ್ರೀನ್ ಕರಿ ಒಂದೇ ಸಾಕು. ಅದರ ಕ್ರಮ ಹೀಗೆ: ತೆಂಗಿನಕಾಯಿಯ ದಪ್ಪನೆಯ ಮೊದಲ ಹಾಲನ್ನು ಬಾಣಲೆಯಲ್ಲಿ ನೀರಿನಂಶ ಆರುವ ತನಕ ಕುದಿಸಬೇಕು. ಅದು ಒಡೆದು ಎಣ್ಣೆ ಬಿಟ್ಟಾಗ ಆ ಎಣ್ಣೆಯಲ್ಲೇ ಮಸಾಲೆ ಹುರಿಯಬೇಕು. ಮಸಾಲೆಯೆಂದರೆ ಹಸಿಮೆಣಸು, ಮಜ್ಜಿಗೆ ಹುಲ್ಲಿನ ಬುಡ, ಶುಂಠಿಯ ಜಾತಿಯದೇ ಆದ ಗಲಂಗಲ್ ಗಡ್ಡೆ, ಮಕ್ರೂಟ್ ಲಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಉಪ್ಪಿನಲ್ಲಿ ಹುದುಗಿಸಿದ ಶೆಟ್ಲಿಯ (ಸಿಗಡಿಯ) ಪೇಸ್ಟ್, ಎಲ್ಲವನ್ನೂ ಕಲ್ಲಿನಲ್ಲಿ ಕುಟ್ಟಿದ್ದು. ಪರಿಮಳ ಬಂದ ಮೇಲೆ ತೆಳು ಹಾಲು, ಮಾಂಸ ಅಥವಾ ತರಕಾರಿ, ಮೀನಿನ ಸಾಸ್, ತಾಳೆಬೆಲ್ಲ. ಇಳಿಸುವಾಗ ಥಾಯ್ ತುಳಸಿ.

ತಪ್ಪುವುದು ಮೊದಲ ಹಂತದಲ್ಲೇ. ಪೊಟ್ಟಣದಲ್ಲಿ ಬರುವ ತೆಂಗಿನ ಹಾಲಿನ ಬಹುಪಾಲಿಗೆ ಅದು ಒಡೆಯದಂತೆ ಏನಾದರೂ ಬೆರೆಸಿರುತ್ತಾರೆ. ಅದು ಎಷ್ಟು ಕುದಿಸಿದರೂ ಎಣ್ಣೆ ಬಿಡುವುದಿಲ್ಲ. ಅವಸರದ ಅಡುಗೆಯವರು ಕುದಿಯುವ ಹಾಲಿಗೇ ಮಸಾಲೆ ಕದಡಿ, ಮಂದವಾಗಲು ಕಾರ್ನ್‌ಫ್ಲೋರ್ ಹಾಕುತ್ತಾರೆ. ಮುಂದಿಟ್ಟ ಬಟ್ಟಲನ್ನು ಸರಿಯಾಗಿ ನೋಡಿ. ಮೇಲೆ ಹಸಿರು ಎಣ್ಣೆಯ ಸಣ್ಣ ಚುಕ್ಕೆಗಳು ತೇಲುತ್ತಿದ್ದು, ರಸ ಅನ್ನದೊಳಗೆ ಇಳಿಯುವಷ್ಟು ತೆಳ್ಳಗಿದ್ದರೆ ಕೆಲಸ ಬಲ್ಲವರು ಮಾಡಿದ್ದಾರೆ. ಒಂದೇ ಬಣ್ಣದ ದಪ್ಪ ಗ್ರೇವಿ, ಹಸಿಮೆಣಸಿನ ಹಸಿ ವಾಸನೆ, ಬಾಯಿಗಿಟ್ಟ ಕೂಡಲೇ ಸಿಹಿ: ಇವು ಮೂರೂ ಇದ್ದರೆ ಅವಸರದ ಅಡುಗೆ. ಕಷಾಯದ ವಾಸನೆ ಬಂದರೆ ಗಲಂಗಲ್ ಬದಲು ಬರೀ ಶುಂಠಿ ಬಿದ್ದಿದೆ. ಪ್ಯಾಡ್ ಥಾಯ್ ಎಂಬ ಹುರಿದ ಅಕ್ಕಿ ನೂಡಲ್ಸ್ ಕೆಂಪಗಿದ್ದರೆ ಟೊಮೆಟೊ ಕೆಚಪ್ ಹಾಕಿರುವ ಅನುಮಾನ ಪಡಿ. ಅದರ ಹುಳಿ ಹುಣಸೆಯದು, ಬಣ್ಣ ಕಂದು.

ಇನ್ನು ಹಸಿ ಮೀನು. ತಾಜಾ ಬಂಗಡೆ ಗುರುತಿಸುವ ಕಣ್ಣು ನಮ್ಮವರಿಗೆ ಹುಟ್ಟಿನಿಂದ ಬಂದದ್ದು, ಆದರೆ ಸುಶಿಯ ಲೆಕ್ಕವೇ ಬೇರೆ. 'ಇವತ್ತೇ ಹಿಡಿದದ್ದು' ಎಂಬುದು ಇಲ್ಲಿ ಹೊಗಳಿಕೆಯಲ್ಲ. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳ ಇರಬಹುದು. ಅದನ್ನು ಕೊಲ್ಲಲು ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ 15 ತಾಸು ಇಡಬೇಕು. ಮನೆಯ ಫ್ರಿಜ್ಜಿನಲ್ಲಿ ಇದು ಆಗುವ ಕೆಲಸವಲ್ಲ. ವಿನೆಗರ್, ಲಿಂಬೆರಸ, ವಸಾಬಿ ಯಾವುದಕ್ಕೂ ಆ ಹುಳ ಜಗ್ಗುವುದಿಲ್ಲ. ಜಪಾನಿನಲ್ಲಿ ಬಂಗಡೆಯನ್ನು ಉಪ್ಪು, ವಿನೆಗರಿನಲ್ಲಿ ಪಳಗಿಸಿಯೇ ಕೊಡುವುದು ಅದು ಬೇಗ ಕೆಡುತ್ತದೆಂದು. ಹುಳದ ಭಯಕ್ಕೆ ಅಲ್ಲಿಯೂ ಫ್ರೀಜರೇ ಬೇಕು. ಹೋಟೆಲಿನಲ್ಲಿ ಎರಡೇ ಪ್ರಶ್ನೆ ಕೇಳಿ: ಹಸಿಯಾಗಿ ಕೊಡುವ ಮೀನನ್ನು ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇಟ್ಟಿದ್ದೀರಿ, ವಾರದಲ್ಲಿ ಯಾವ ದಿನ ಮಾಲು ಬರುತ್ತದೆ. ಉತ್ತರ ತಡವರಿಸಿದರೆ ಬೇಯಿಸಿದ ಸಿಗಡಿಯದೋ ಸೌತೆಕಾಯಿಯದೋ ಸುಶಿ ತೆಗೆದುಕೊಳ್ಳಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಹಸಿ ಮೀನು ಬಿಡುವುದೇ ಲೇಸು.

ತಟ್ಟೆಯಲ್ಲಿ ಗಮನಿಸಬೇಕಾದ್ದು ಮೀನಿಗಿಂತ ಮುಂಚೆ ಅನ್ನ. ಅದು ಮೈಯ ಬಿಸಿಯಷ್ಟೇ ಬೆಚ್ಚಗಿರಬೇಕು. ತಣ್ಣಗೆ, ಗಟ್ಟಿಯಾಗಿ, ನಡುವೆ ಸುಣ್ಣದಂತೆ ಪುಡಿಯಾದರೆ ಮುಂಚೆಯೇ ಮಾಡಿ ಫ್ರಿಜ್ಜಿನಲ್ಲಿಟ್ಟದ್ದು. ಸಾಲ್ಮನ್ ತುಂಡಿನ ಕೆಳಗೆ ನೀರು ಕೂತಿದ್ದರೆ ಅವಸರದಲ್ಲಿ ಕರಗಿಸಿದ್ದಾರೆ. ಟ್ಯೂನಾ ಕೆಂಪಾಗಿ ಹೊಳೆಯುತ್ತಿದೆಯೆಂದು ತಾಜಾ ಅಂದುಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್ ಅನಿಲ ಹಾಯಿಸಿದ ಟ್ಯೂನಾ ಹಳತಾದರೂ ಬಣ್ಣ ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುತ್ತದೆ. ಆ ದಿನಗಳಲ್ಲಿ 'ಕಾರವಾರದ ಫ್ರೆಶ್ ಇಸ್ವಾಣ' ಎಂದು ಹೇಳುವ ಹೋಟೆಲಿಗೆ ಅದು ಎಲ್ಲಿಂದ ಬಂತೆಂದು ಕೇಳುವ ಹಕ್ಕು ಬೇರೆಯವರಿಗಿಂತ ನಮಗೆ ಹೆಚ್ಚು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಸ್ಯಾಹಾರಿಗಳ ಕಷ್ಟ ಇದಕ್ಕಿಂತ ದೊಡ್ಡದು. 'ವೆಜ್ಜಾ?' ಎಂದರೆ 'ಹೌದು ಸರ್' ಎಂಬ ಉತ್ತರ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಮಟ್ಟಿಗೆ ತುಂಡು ಮಾಂಸ ಇಲ್ಲದಿದ್ದರೆ ಅದು ವೆಜ್. ಹುದುಗಿಸಿದ ಸೋಯಾದ ಮಿಸೊ ಸೂಪಿನ ಸಾರನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆ ಕೊಟ್ಟ ಬೊನಿಟೊ ಮೀನಿನ ಹೆರೆಯಿಂದ ತೆಗೆದಿರುತ್ತಾರೆ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಸಿಗಡಿ ಅಥವಾ ಮೀನಿನ ಸಾಸ್ ಬೀಳುತ್ತದೆ. ತೋಮ್ ಯಮ್ ಎಂಬ ಥಾಯ್ ಸೂಪಿನ ಮೆಣಸಿನ ಪೇಸ್ಟಿನಲ್ಲಿ ಒಣ ಸಿಗಡಿ ಇರುತ್ತದೆ. ಚೈನೀಸ್ ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್, ಮಾಪೊ ಟೋಫುವಿಗೆ (ಸೋಯಾ ಪನೀರಿನ ಖಾರದ ಅಡುಗೆ) ಕೊಚ್ಚಿದ ಮಾಂಸ, ನೂಡಲ್ಸ್ ಹಿಟ್ಟಿಗೆ ಮೊಟ್ಟೆ. ತುಕ್ಪಾ ಎಂಬ ಟಿಬೆಟಿಯನ್ ನೂಡಲ್ಸ್ ಸೂಪು ವೆಜ್ ಆದರೂ ಅದಕ್ಕೆ ಕೆಲವೆಡೆ ಮೂಳೆ ಸಾರೇ ತಳ. ಆದ್ದರಿಂದ ಪ್ರಶ್ನೆಯನ್ನು ಬಿಡಿಸಿ ಕೇಳಿ: ಸಾರು ಯಾವುದರದ್ದು? ಮೀನಿನ ಸಾಸ್, ಆಯ್ಸ್ಟರ್ ಸಾಸ್, ಸಿಗಡಿ ಪೇಸ್ಟ್ ಬಿಟ್ಟು ಮಾಡಿಕೊಡುತ್ತೀರಾ? ಕರಿಯುವ ಎಣ್ಣೆ ಬೇರೆಯೇ? ಕರಿ ಪೇಸ್ಟ್ ಡಬ್ಬಿಯದಾದರೆ ಡಬ್ಬಿಯನ್ನೇ ತರಿಸಿ. ಭಾರತದಲ್ಲಿ ಮಾರುವ ಡಬ್ಬಿಯ ಮೇಲೆ ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ಇರಲೇಬೇಕು. ಶೆಟ್ಲಿ ತಿಂದರೆ ಮೈ ದದ್ದೇಳುವವರೂ ಇದೇ ಪ್ರಶ್ನೆಗಳನ್ನು ಕೇಳಬೇಕು.

ಚೈನೀಸ್ ವಿಷಯ ಬೇಗ ಮುಗಿಯುತ್ತದೆ. ಫ್ರೈಡ್ ರೈಸ್ ತಿಂದಾದ ಮೇಲೆ ತಟ್ಟೆಯ ತಳದಲ್ಲಿ ನೀರು ಉಳಿದಿದ್ದರೆ ಒಂದೇ ವೋಕ್‌ಗೆ ನಾಲ್ಕು ಪ್ಲೇಟಿನ ಮಾಲು ಸುರಿದಿದ್ದಾರೆ. ಬಿಸಿ ಇಳಿದು ತರಕಾರಿ ಹುರಿಯುವ ಬದಲು ಬೆಂದಿದೆ. ಹಿಂದಿನ ದಿನದ ಅನ್ನ ಬಳಸುವುದು ತಪ್ಪಲ್ಲ, ಅದನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡದೆ ಹೊರಗೇ ಬಿಡುವುದು ತಪ್ಪು. ಹಾಗೆ ಬಿಟ್ಟ ಅನ್ನದಲ್ಲಿ ಹುಟ್ಟುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ, ಆದ್ದರಿಂದ ಕಡುಗೆಂಪು ಗೋಬಿ ಬಂದರೆ ಎದ್ದುಬನ್ನಿ. ಚೀನಾದ ಸಿಚುವಾನ್ ಪ್ರಾಂತ್ಯದ ನಿಜವಾದ ಅಡುಗೆಯ ಹೋಟೆಲ್ ಸಿಕ್ಕರೆ ಮಾತ್ರ ನಮ್ಮವರು ಬಿಡಬಾರದು. ಅಲ್ಲಿನ ನಾಲಿಗೆ ಜುಮ್ಮೆನ್ನಿಸುವ ಮೆಣಸು, ನಾವು ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ ಅಥವಾ ತೆಪ್ಪಲದ ಕುಲದ್ದೇ. ಸಾಮಾನ್ಯ ಹೋಟೆಲಿನ 'ಶೆಜ್ವಾನ್' ರೈಸಿನಲ್ಲಿ ಅದು ಇರುವುದಿಲ್ಲ, ಬರೀ ಒಣಮೆಣಸು ಬೆಳ್ಳುಳ್ಳಿ ಚಟ್ನಿ.

ಪೀಜಿಯಲ್ಲಿ ಕೂತು ಆ್ಯಪ್‌ನಲ್ಲಿ ತರಿಸುವ ಮಕ್ಕಳಿಗೆ: ಹೋಟೆಲ್ ಪುಟದ ಕೊನೆಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸಿನ 14 ಅಂಕಿ ಇರುತ್ತದೆ. ಜಪಾನಿ ಹೆಸರಿನದೂ ಥಾಯ್ ಹೆಸರಿನದೂ ಬಿರಿಯಾನಿಯದೂ ಒಂದೇ ಅಂಕಿಯಾದರೆ ಅಡುಗೆಮನೆ ಒಂದೇ. ರಾಮೆನ್, ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾ, ಮೊಮೊ ದಾರಿಯಲ್ಲೇ ಕೆಡುತ್ತವೆ. ರಾಮೆನ್ ಎಳೆ ಬಿಸಿ ಸಾರಿನಲ್ಲಿ ಐದಾರು ನಿಮಿಷಕ್ಕೇ ಮೆತ್ತಗಾಗುತ್ತದೆ, ಟೆಂಪುರಾ ತನ್ನ ಹಬೆಗೆ ತಾನೇ ನೆನೆಯುತ್ತದೆ. ತರಿಸುವುದಾದರೆ ಕರಿ, ಅನ್ನ ತರಿಸಿ.

ಇಷ್ಟು ದೂರ ಹೋಗುವ ಮುಂಚೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇರುವುದನ್ನು ಮರೆಯಬಾರದು. ಮುಂಡಗೋಡಿನ ಟಿಬೆಟಿಯನ್ ವಸಾಹತು 1966ರಿಂದ ಇದೆ. ಶಿರಸಿಯಿಂದ ಬೆಳಿಗ್ಗೆ ಬಸ್ ಹತ್ತಿದರೆ ಮೊಮೊ, ತುಕ್ಪಾ, ಕೈಯಲ್ಲಿ ಚಿವುಟಿ ಹಾಕಿದ ಹಿಟ್ಟಿನ ತೆಂತುಕ್, ಹಬೆಯಲ್ಲಿ ಬೇಯಿಸಿದ ಬನ್ನಿನಂಥ ತಿಂಗ್ಮೊ ಉಂಡು ಸಂಜೆಗೆ ಮನೆಗೆ ಬರಬಹುದು. ಮೊಮೊ ಹಾಳೆಯ ಅಂಚು ತೆಳು, ನಡು ದಪ್ಪ ಇರಬೇಕು. ನಡು ತೆಳುವಾದರೆ ತಳ ಹರಿದು ಒಳಗಿನ ರಸ ಹಬೆ ಪಾತ್ರೆಗೆ ಸೋರುತ್ತದೆ. ಒಳ್ಳೆಯದು ಹೇಗಿರುತ್ತದೆಂದು ಅಲ್ಲಿ ತಿಂದು ತಿಳಿದವರಿಗೆ ಬೆಂಗಳೂರಿನ ದುಬಾರಿ ಮೊಮೊ ಅಳೆಯುವುದು ಸುಲಭ. ಟಿಬೆಟಿಯನ್ ಪಂಚಾಂಗದ ನಾಲ್ಕನೇ ತಿಂಗಳು ಸಾಗಾ ದಾವಾದಲ್ಲಿ ಅವರಲ್ಲಿ ಅನೇಕರು ಮಾಂಸ ಬಿಡುತ್ತಾರೆ. ಸಸ್ಯಾಹಾರಿಗಳು ಹೋಗಲು ಅದು ಒಳ್ಳೆಯ ಕಾಲ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಇನ್ನು ಮುಂದೆ ಹೋಟೆಲ್ ಪರಿಚಯ ಬರೆಯುವಾಗ ನಕ್ಷತ್ರದ ಪಕ್ಕದಲ್ಲಿ ನಾಲ್ಕು ಸಾಲು ಸೇರಿಸಿ: ಸಸ್ಯಾಹಾರಕ್ಕೆ ಬೇರೆ ಸಾರು, ಬೇರೆ ಎಣ್ಣೆ ಇದೆಯೇ, ಹಸಿ ಮೀನನ್ನು ಹೇಗೆ ಇಡುತ್ತಾರೆ, ಮಸಾಲೆ ಅಲ್ಲೇ ಅರೆಯುತ್ತಾರೋ ಡಬ್ಬಿಯದೋ, ಒಬ್ಬರೇ ಹೋದರೆ ಎಷ್ಟು ಖರ್ಚು. ಬರೆಯುವವರು ಅಡುಗೆಯವರನ್ನು ಹತ್ತು ನಿಮಿಷ ಮಾತಾಡಿಸಿದರೆ ಇಷ್ಟೂ ಸಿಗುತ್ತದೆ.

— ಅಡುಗೆ ವೃತ್ತಿಯ ಓದುಗರು, ಕುಮಟಾ