ಮಗಳು ಮನೆಗೆ ಬಂದಳು, ನಿಮಗೆಲ್ಲ ಥ್ಯಾಂಕ್ಸ್

ಮಗಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಆಕ್ಸಿಜನ್ ಇಲ್ಲದೆ ಉಸಿರಾಡುತ್ತಿದ್ದಾಳೆ, ಹೊಟ್ಟೆ ತುಂಬ ಹಾಲು ಕುಡಿಯುತ್ತಿದ್ದಾಳೆ, ರಾತ್ರಿಯಿಡೀ ನಮ್ಮನ್ನು ಎಬ್ಬಿಸುತ್ತಿದ್ದಾಳೆ. ಫೋನ್ ಮಾಡಿ ವಿಚಾರಿಸಿದ ಎಷ್ಟೋ ಜನರಿಗೆ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವಳಿಗೆ ತಗುಲಿದ್ದು ಆರ್‌ಎಸ್‌ವಿ ಎಂಬ ವೈರಸ್. ದೊಡ್ಡವರಿಗಾದರೆ ಹೆಚ್ಚಾಗಿ ಬರೀ ನೆಗಡಿ. ಆದರೆ 2 ತಿಂಗಳೊಳಗಿನ ಕೂಸುಗಳಿಗೆ, ದಿನ ತುಂಬುವ ಮೊದಲೇ ಹುಟ್ಟಿದವರಿಗೆ ಇದರಿಂದ ಉಸಿರು ನಡುನಡುವೆ ನಿಂತುಬಿಡಬಹುದು. ನಮ್ಮವಳು ಎರಡೂ ಲೆಕ್ಕಕ್ಕೆ ಸೇರಿದವಳು. ಜ್ವರ ಇರಲಿಲ್ಲ, ಕೆಮ್ಮೂ ಇನ್ನೂ ಶುರುವಾಗಿರಲಿಲ್ಲ. ಮಲಗಿದ್ದವಳ ಎದೆ ಏರಿಳಿಯುವುದು ನಿಂತು ತುಟಿ ನೀಲಿಯಾಯಿತು. ಕೆಲವು ಮಕ್ಕಳಲ್ಲಿ ಕಾಯಿಲೆಯ ಮೊದಲ ಲಕ್ಷಣವೇ ಇದಂತೆ.

ತುರ್ತು ವಿಭಾಗದ ಡಾಕ್ಟರಿಗೆ ಮೊದಲ ವಂದನೆ. ನಾವು ತಲುಪುವಷ್ಟರಲ್ಲಿ ಅವಳು ಮಾಮೂಲಾಗಿದ್ದಳು. ‘ಈಗ ಚೆನ್ನಾಗೇ ಇದ್ದಾಳಲ್ಲ’ ಎಂದು ವಾಪಸ್ ಕಳಿಸಿಬಿಡಬಹುದಿತ್ತು. ಅವರು ಕೂತು ಕೇಳಿದರು: ಎಷ್ಟು ಹೊತ್ತು ನಿಂತಿತ್ತು? ಬಣ್ಣ ಬದಲಾಯಿತಾ? ಮೈ ಜೋತುಬಿತ್ತಾ? ತಾನಾಗೇ ಉಸಿರಾಡಿದಳಾ, ನೀವು ಅಲುಗಾಡಿಸಿದಿರಾ? ಎಳೆ ಮಕ್ಕಳು ನಿದ್ದೆಯಲ್ಲಿ 5–10 ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಶುರುಮಾಡುವುದು ಸಹಜ ಎಂದು ಬಿಡಿಸಿ ಹೇಳಿದರು. 20 ಸೆಕೆಂಡ್ ದಾಟಿದರೆ ಅದು ಅಪ್ನಿಯಾ. ಅಷ್ಟು ಹೊತ್ತು ಆಗದಿದ್ದರೂ ಮೈ ನೀಲಿಯಾದರೆ, ಎದೆಬಡಿತ ನಿಧಾನವಾದರೆ ಅದೂ ಅಪ್ನಿಯಾ. ನಾವು ಹೇಳಿದ್ದನ್ನು ನಂಬಿ ಅಡ್ಮಿಟ್ ಮಾಡಿಕೊಂಡರು. ಆ ರಾತ್ರಿಯೇ ಮಾನಿಟರ್ ಮುಂದೆ ಮತ್ತೆ ಹಾಗಾಯಿತು.

ಇನ್ನು ಐಸಿಯು ಸಿಸ್ಟರ್‌ಗಳು. ಇವರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಮಗುವಿನ ಮೈ ತಾನೇ ಚೇತರಿಸಿಕೊಳ್ಳುವ ತನಕ ಉಸಿರನ್ನೂ ಹೊಟ್ಟೆಯನ್ನೂ ಕಾಯಬೇಕು. ಆ ಕಾಯುವ ಕೆಲಸ ಬಹುಪಾಲು ಇವರದ್ದೇ. ಎಳೆ ಕೂಸುಗಳು ಮೂಗಿನಿಂದಲೇ ಉಸಿರಾಡುವುದು ಜಾಸ್ತಿ, ಅದಕ್ಕೆ ಮತ್ತೆ ಮತ್ತೆ ಸಿಂಬಳ ಎಳೆದು ತೆಗೆಯುತ್ತಿದ್ದರು. ನಳಿಕೆಯಲ್ಲಿ ಹಾಲು ಹಾಕುತ್ತಿದ್ದರು. ಅಲಾರಂ ಹೊಡೆದರೆ ನಮ್ಮ ಕಣ್ಣು ಸ್ಕ್ರೀನ್ ಕಡೆ, ಅವರ ಕಣ್ಣು ಮಗುವಿನ ಕಡೆ. ಎಷ್ಟೋ ಸಲ ಕಾಲಿನ ವೈರ್ ಸಡಿಲವಾಗಿತ್ತು ಅಷ್ಟೇ. ನಿಜವಾಗಿ ಉಸಿರು ನಿಂತಾಗ ಅಂಗಾಲು ಉಜ್ಜುತ್ತಿದ್ದರು, ಅವಳು ಸಿಟ್ಟಿನಿಂದ ಅಳುತ್ತಿದ್ದಳು. ಆ ಅಳುವಿನಷ್ಟು ಸಿಹಿ ದನಿ ನಾನು ಬೇರೆ ಕೇಳಿಲ್ಲ!

ವೆಂಟಿಲೇಟರ್ ಬೇಕಾಗಬಹುದು ಎಂದು ಮುಚ್ಚಿಡದೆ ಹೇಳಿದ ಡಾಕ್ಟರಿಗೂ ಥ್ಯಾಂಕ್ಸ್. ಪುಣ್ಯಕ್ಕೆ ಮೂಗಿನ ಹತ್ತಿರ ಕೊಟ್ಟ ಒತ್ತಡದ ಗಾಳಿಯಲ್ಲೇ ಸುಧಾರಿಸಿತು. ದೊಡ್ಡ ಮಗನನ್ನು ತಮ್ಮ ಮನೆಯಲ್ಲಿಟ್ಟುಕೊಂಡ ಅಕ್ಕ, ಭಾವ, ನಿಮಗೆ ಎದುರಿಗೇ ಹೇಳುತ್ತೇನೆ.

ಮಗುವನ್ನು ನೋಡಲು ಬರುತ್ತೇವೆ ಎಂದವರೆಲ್ಲ ಖಂಡಿತ ಬನ್ನಿ. ನೆಗಡಿ ಇದ್ದರೆ ಪೂರ್ತಿ ವಾಸಿಯಾದ ಮೇಲೆ ಬನ್ನಿ. ಬಂದ ಕೂಡಲೇ ಕೈ ತೊಳೆದುಕೊಳ್ಳಿ, ಮುತ್ತು ಮಾತ್ರ ಸದ್ಯಕ್ಕೆ ಬೇಡ. ಬೇಜಾರು ಮಾಡ್ಕೋಬೇಡಿ, ಅಜ್ಜಿಗೂ ಇದೇ ರೂಲ್ಸು.