ನಾಲ್ಕನೆಯ ಸೀಟಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ವಾಟ್ಸಾಪಿನಲ್ಲಿ ಐದು ಸಾಲು ಕಳಿಸಿದೆ. ನಾನು ಕನ್ನಡಕ ಹುಡುಕಿ ಓದಿ ಏನಾದರೂ ಬರೆಯಬೇಕೆನ್ನುವಷ್ಟರಲ್ಲಿ ಅಳಿಸಿಯೂ ಬಿಟ್ಟೆ. "ಏನಿಲ್ಲ ಅವ್ವಾ, ಸುಮ್ಮನೆ ಗೀಚಿದ್ದು. ಕವಿತೆ ಗಿವಿತೆ ನಮ್ಮಂಥವರಿಗೆ ಎಲ್ಲಿ ಬರ್ತದ, ಮಲಗು" ಅಂದೆ. ನನಗೆ ನಿದ್ದೆ ಬರಲಿಲ್ಲ. ನೀನು ಅಳಿಸುವ ಮುಂಚೆ ನಾನು ಎರಡು ಸಲ ಓದಿದ್ದೆ. ಎದ್ದು ಲೈಟ್ ಹಾಕಿ, ಹಾಲಿನ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡೆ. ಇಗೋ, ನಿನ್ನವೇ ಸಾಲು:

ಪಕ್ಕದ ಮನೆಯ ಕುಕ್ಕರು ಕೂಗಿತು
ಲೆಕ್ಕ ಇಟ್ಟೆ, ಮೂರು
ನಾಲ್ಕನೆಯದಕ್ಕೆ ನಿನ್ನ ನೆನಪಾಯ್ತು
ಹೃದಯದ ಆಳದಲ್ಲಿ ಮೌನದ ಕಡಲು
ನೋವಿನ ಅಲೆಗಳು

ಇದನ್ನು ಇಟ್ಟುಕೊಂಡು ನಿನ್ನ ಜೊತೆ ಕೂತು ಮಾತಾಡಬೇಕು ಅನ್ನಿಸಿದೆ. ಫೋನಿನಲ್ಲಾದರೆ ನೀನು ನಕ್ಕು ಮಾತು ತಿರುಗಿಸುತ್ತೀ, ಅದಕ್ಕೇ ಕಾಗದ.

ಮೊದಲು ಆ ಮೂರು ಸಾಲಿನ ಮಾತು. ಪಕ್ಕ, ಕುಕ್ಕ, ಲೆಕ್ಕ. ಎರಡನೆಯ ಅಕ್ಷರ ಮೂರರಲ್ಲೂ ಒಂದೇ. ನೀನು ಬೇಕೆಂದು ಜೋಡಿಸಿದ್ದಲ್ಲ, ಅದು ನನಗೆ ಗೊತ್ತು. ಬೇಕೆಂದು ಜೋಡಿಸಿದ್ದರೆ ಮೂರನೆಯ ಸಾಲಿನಲ್ಲೂ ಒಂದು 'ಸಕ್ಕರೆ' ತುರುಕುತ್ತಿದ್ದೆ. ತಾನಾಗಿ ಬಂದಿದೆ. ಪಕ್ಕ, ಲೆಕ್ಕದ ಹಾಗೆ ಸಾಲಿನ ಮೊದಲಲ್ಲಿ ಎರಡನೆಯ ಅಕ್ಷರ ಕೂಡಿಸುವುದಕ್ಕೆ ಆದಿಪ್ರಾಸ ಅನ್ನುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೀ. ಹೆಸರು ಮರೆತರೂ ಕಿವಿ ಮರೆತಿಲ್ಲ ನೋಡು.

ಏಳನೆಯ ಇಯತ್ತೆಯಲ್ಲಿದ್ದಾಗ ನಿನ್ನನ್ನು ಬಾದಾಮಿಯ ಕೆರೆದಂಡೆಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಮಂಗ ನಿನ್ನ ಕೈಯೊಳಗಿನ ಸೌತೆಕಾಯಿ ಕಸಿದುಕೊಂಡದ್ದು ಮಾತ್ರ ನಿನಗೆ ನೆನಪಿರಬಹುದು. ಅವತ್ತು ನಾನು ತೋರಿಸಬೇಕೆಂದು ಕರೆದೊಯ್ದದ್ದು ಕೆರೆಯ ಈಶಾನ್ಯಕ್ಕೆ ಇರುವ ಬಂಡೆಯ ಮೇಲಿನ ಅಕ್ಷರಗಳನ್ನು. ಕಪ್ಪೆ ಅರಭಟ್ಟನೆಂಬ ವೀರನ ಶಾಸನ. ಕೆತ್ತಿದವರು ಇಸವಿ ಹಾಕಿಲ್ಲ. ಲಿಪಿ ನೋಡಿ ಸುಮಾರು ಕ್ರಿ.ಶ. 700 ಎಂದು ಬಲ್ಲವರು ಹೇಳುತ್ತಾರೆ. ನೀನು ಅಳುತ್ತಿದ್ದೆ, ನಾನು ಓದಿ ಹೇಳದೆ ತಿರುಗಿ ಬಂದೆ. ಈಗ ಹೇಳುತ್ತೇನೆ, ಗಟ್ಟಿಯಾಗಿ ಓದಿಕೋ:

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರ್ ಅವಿಚಾರಂ

ಕಟ್ಟಿಹಾಕಿದ ಸಿಂಹವನ್ನು, 'ನಮಗೇನು ಕೆಡುಕಾದೀತು' ಅಂತ ಬಿಚ್ಚಿಬಿಟ್ಟ ಹಾಗೆ, ಇವನನ್ನು ಕೆಣಕಿದವರು ಕೆಟ್ಟರು, ಸತ್ತರು. ಅಷ್ಟೇ ಮಾತು. ಕಟ್ಟಿ, ಬಿಟ್ಟ, ಕೆಟ್ಟ. ಒಂದು ಸಾವಿರದ ಮುನ್ನೂರು ವರ್ಷದ ಹಿಂದಿನ ಕಲ್ಲಿನ ಮೇಲೆ ಇರುವ ಈ ಮೂರೂ ಮಾತು ನಾವು ಇವತ್ತೂ ಆಡುತ್ತೇವೆ. ಆಕಳು ಕಟ್ಟುತ್ತೇವೆ, ಬಿಡುತ್ತೇವೆ, ಹಾಲು ಕೆಡುತ್ತದೆ. ನಿನ್ನ 'ಕ್ಕ' ಕುಳಿತಿರುವ ಜಾಗದಲ್ಲೇ ಅವರ 'ಟ್ಟ' ಕುಳಿತಿದೆ. ಮೂರು ಸಾಲಿನ ಈ ಕಟ್ಟಿಗೇ ತ್ರಿಪದಿ ಅನ್ನುವುದು. ಬಂಡೆಯ ಮೇಲೆ ಏರಿದ್ದೂ ಇದೇ, ನನ್ನವ್ವ, ನಿನ್ನ ಆಯಿಯ ಬೀಸುಕಲ್ಲಿನ ಮುಂದೆ ಕೂತಿದ್ದೂ ಇದೇ.

ಆಯಿಯ ಮಾತು ಬಂತಲ್ಲ, ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಬೀಸುಕಲ್ಲು ಶುರುವಾಗುತ್ತಿತ್ತು. ಆಯಿ ಒಂದು ಕಡೆ, ದೊಡ್ಡವ್ವ ಎದುರಿಗೆ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಆಯಿ ಎಡಗೈಯಿಂದ ಜೋಳ ಹಿಡಿದು ಕಲ್ಲಿನ ಬಾಯಿಗೆ ಹಾಕುತ್ತಿದ್ದಳು, ಬಲಗೈ ನಿಲ್ಲುತ್ತಿರಲಿಲ್ಲ. ಆಯಿ ಒಂದು ಸಾಲು ಎತ್ತಿದರೆ ದೊಡ್ಡವ್ವ ಅದನ್ನೇ ಹಿಡಿದು ತಿರುಗಿ ಹಾಡುವಳು. ಎರಡನೆಯ ಸಾಲನ್ನು ಎಳೆದು ಇನ್ನೊಮ್ಮೆ ಹೇಳುತ್ತಿದ್ದರು. ಓದುವಾಗ ಮೂರೇ ಸಾಲು, ಹಾಡುವಾಗ ನಾಲ್ಕಾಗುತ್ತದೆ. ಆ ಎಳೆತದಲ್ಲಿ ಆಯಿಗೆ ಮುಂದಿನ ಹಿಡಿ ಜೋಳ ತೆಗೆದುಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ನಾನು ಕೌದಿಯೊಳಗೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಹಾಡು ತಡವರಿಸಿದರೆ ಕಲ್ಲಿನ ಸದ್ದೂ ತಡವರಿಸುತ್ತಿತ್ತು.

ಆಯಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಪಿಂಚಣಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು, ಆಮೇಲೆ ಬೆರಳಿನ ಮಸಿಯನ್ನು ಸೆರಗಿಗೆ ಒರೆಸುತ್ತಿರಲಿಲ್ಲ, ಗೋಡೆಗೆ ಒರೆಸುತ್ತಿದ್ದಳು. ಕವಿರಾಜಮಾರ್ಗದಲ್ಲಿ, ಅದು ಸುಮಾರು ಕ್ರಿ.ಶ. 850ರದು, ಈ ನಾಡಿನವರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್', ಅಂದರೆ ಓದು ಕಲಿಯದೆಯೂ ಕಾವ್ಯ ಕಟ್ಟುವುದರಲ್ಲಿ ಪಳಗಿದವರು, ಎಂಬ ಮಾತಿದೆ. ಭಾಷಣದಲ್ಲಿ ಎಲ್ಲರೂ ಹೇಳುವ ಮಾತು, ಹೇಳಿ ಹೇಳಿ ಸವೆದಿದೆ. ಆದರೆ ಅದೇ ಗ್ರಂಥ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಸೀಮೆ ಎಲ್ಲಿ ಅಂತ ಹೇಳುವಾಗ ಕಿಸುವೊಳಲನ್ನೂ ಹೆಸರಿಸುತ್ತದೆ. ಅಂದರೆ ಪಟ್ಟದಕಲ್ಲು, ನಿನ್ನ ಅತ್ತೆಯ ಊರಿಗೆ ಹೋಗುವಾಗ ಬಸ್ಸು ನಿಲ್ಲುವ ಊರು. ನನಗಂತೂ ಆ ಸಾಲು ಓದಿದಾಗಲೆಲ್ಲ ಕಣ್ಣಿಗೆ ಬರುವುದು ಆಯಿಯ ಮಸಿ ಬೆರಳು.

ಅವಳು ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳುತ್ತಿದ್ದದ್ದು:

ಅಳುವ ಕಂದನ ತುಟಿಯು ಹವಳದ ಕುಡಿಹಂಗ
ಕುಡಿಹುಬ್ಬು ಬೇವಿನ ಎಸಳಂಗ, ಕಣ್ಣೋಟ
ಶಿವನ ಕೈಯಲಗು ಹೊಳೆದಂಗ

ಇದರಲ್ಲಿ ಪ್ರಾಸ ಆ ಕಲ್ಲಿನಷ್ಟು ಬಿಗಿಯಾಗಿಲ್ಲ, ಹಾಡುವವರು ಅದಕ್ಕೆ ತಲೆ ಕೆಡಿಸಿಕೊಂಡವರೂ ಅಲ್ಲ. ನಾನು ಇದನ್ನು ನೂರಾರು ಸಲ ಕೇಳಿದ್ದೆ, ಏನೂ ಅನ್ನಿಸಿರಲಿಲ್ಲ. ಹುಬ್ಬು ಬೇವಿನ ಎಸಳಿನ ಹಾಗೆ ಅಂದರೆ ಸರಿ, ಏನೋ ಹೋಲಿಕೆ ಅಂದುಕೊಂಡಿದ್ದೆ. ನಿನಗೆ ಎಂಟು ತಿಂಗಳು. ಯುಗಾದಿಯ ದಿನ ಬಾಗಿಲಿಗೆ ತೋರಣ ಕಟ್ಟುತ್ತಿದ್ದೆ, ನೀನು ಹೊಸ್ತಿಲ ಹತ್ತಿರ ಕೂತು ಜಗಳ ತೆಗೆದು ಅಳುತ್ತಿದ್ದೆ. ಕೈಯಲ್ಲಿ ಬೇವಿನ ಟೊಂಗೆ. ಒಂದು ಎಸಳು ಕಿತ್ತು ಸುಮ್ಮನೆ ನಿನ್ನ ಹುಬ್ಬಿನ ಹತ್ತಿರ ಹಿಡಿದೆ. ಬೇವಿನ ಎಸಳು ನೆಟ್ಟಗಿರುವುದಿಲ್ಲ ಮಗಳೇ. ನಡುನರ ಎಲೆಯ ನಡುವೆ ಹೋಗುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ, ಹಾಗಾಗಿ ಎಲೆ ಕುಡುಗೋಲಿನಂತೆ ಬಾಗುತ್ತದೆ. ಬುಡದಲ್ಲಿ ಅಗಲ, ತುದಿಗೆ ಬರುತ್ತ ಚೂಪು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು, ದೂರದಿಂದ ಕೂದಲಿನ ಹಾಗೇ ಕಾಣುತ್ತದೆ. ಅಳುವಾಗ ನಿನ್ನ ಹುಬ್ಬು ಮೂಗಿನ ಕಡೆ ಏರಿ ಹೊರಗೆ ಇಳಿಯುತ್ತಿತ್ತು, ಆ ಬಾಗಿಗೆ ಈ ಬಾಗು ಅಚ್ಚು ಹಾಕಿದ ಹಾಗೆ ಕೂತಿತು. ನಾನು ಕೂಗಿದೆ, "ಅವ್ವಾ, ಬಾ ಇಲ್ಲಿ, ಹೌದಲ್ಲ ಇದು!" ಅಂತ. ಆಯಿ ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ಮತ್ತ? ನೋಡಿದವರು ಕಟ್ಟಿದ್ದದು, ಸುಳ್ಳ್ಯಾಕ ಇರ್ತದ" ಅಂದಳು.

ಕವಿತೆ ಅರ್ಥವಾಗಲಿಲ್ಲ ಅಂತ ನೀನು ಹೇಳಿದಾಗೆಲ್ಲ ನನಗೆ ಆ ಯುಗಾದಿ ನೆನಪಾಗುತ್ತದೆ. ನನಗೆ ಆ ಸಾಲು ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು, ಅಷ್ಟೂ ದಿನ ಅದು ಬಾಯಲ್ಲಿತ್ತು. ಬಾಯಲ್ಲಿ ಇತ್ತೆಂದೇ ಬೇವಿನ ಟೊಂಗೆ ಕೈಗೆ ಬಂದಾಗ ಕೂಡಿಕೊಂಡಿತು. ನಿನ್ನ ಶಾಲೆಯಲ್ಲಿ ಇದನ್ನು ತಿರುವಿ ಹಾಕಿದರು. ಪದ್ಯ ಇನ್ನೂ ನಾಲಗೆಗೆ ಹತ್ತಿರಲಿಲ್ಲ, ಅಷ್ಟರಲ್ಲಿ 'ಈ ಪದ್ಯದ ಸಾರಾಂಶ ಬರೆಯಿರಿ'. ಬರೆದದ್ದು ಗೈಡಿನ ಸಾರಾಂಶದ ಹಾಗಿಲ್ಲ ಅಂತ ನಿನಗೆ ಎರಡು ಅಂಕ ಕಡಿಮೆ ಬಂದಿತ್ತು. ಅವತ್ತಿನಿಂದ ನೀನು ಕನ್ನಡ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ತೆರೆದೆ. ನಾನು ಆಗ ಶಾಲೆಗೆ ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಈಗ ನಿನ್ನ ಕೊನೆಯ ಎರಡು ಸಾಲು. ಸಿಟ್ಟಾಗಬೇಡ, ಅವನ್ನು ತೆಗೆದುಬಿಡು. ಹೃದಯದ ಆಳ, ಮೌನದ ಕಡಲು, ನೋವಿನ ಅಲೆ. ನಮ್ಮ ಪಂಚಾಯತಿ ಗ್ರಂಥಾಲಯದ ಕವನಸಂಕಲನಗಳಲ್ಲಿ ಈ ಕಡಲು ಎಷ್ಟು ಸಲ ಉಕ್ಕಿದೆಯೋ, ಧೂಳು ಒರೆಸುವ ನನಗೆ ಗೊತ್ತು. ನೀನು ಕಡಲು ನೋಡಿದ್ದು ಒಂದೇ ಸಲ, ಕಾರವಾರದಲ್ಲಿ, ಅವತ್ತು ಖುಷಿಯಾಗಿಯೇ ಇದ್ದೆ. ಈ ಎರಡು ಸಾಲಿನಲ್ಲಿ ನೀನಿಲ್ಲ. ಮೊದಲ ಮೂರರಲ್ಲಿ ಇದ್ದೀ. ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬೇರೆಯವರ ಮನೆಯ ಕುಕ್ಕರಿನ ಸೀಟಿ ಎಣಿಸುವ ಹುಡುಗಿ ನನಗೆ ಕಾಣುತ್ತಾಳೆ. ಅವಳಿಗೆ ಹಸಿವಾಗಿದೆ ಅಂತಲೂ ಗೊತ್ತಾಗುತ್ತದೆ, ನೀನು ಬರೆಯದಿದ್ದರೂ.

ಮತ್ತೆ ಆ ನಾಲ್ಕನೆಯ ಸೀಟಿ. ಅದನ್ನು ಓದಿ ನಾನು ಅತ್ತೆ. ಬೇಳೆಗೆ ಮೂರು ಸಾಕು. ಮೂರಾದಾಗ ನಾನು ಯಾವಾಗಲೂ ಹಿತ್ತಲಲ್ಲಿ ಇರುತ್ತಿದ್ದೆ, ಬಟ್ಟೆ ಹಿಂಡುತ್ತ. ನಾಲ್ಕನೆಯದು ಕೂಗಿದಾಗ "ಅಯ್ಯ ನನ್ನ ಬ್ಯಾಳಿ" ಅಂತ ಒದ್ದೆ ಕೈಯಲ್ಲಿ ಓಡಿ ಬರುತ್ತಿದ್ದೆ. ನೀನು ಲೆಕ್ಕ ಮಾಡುತ್ತ ಕೂತು, ಎದ್ದು ಒಲೆ ಆರಿಸದೆ, ನಾನು ಓಡುವುದನ್ನು ನೋಡಿ ನಗುತ್ತಿದ್ದೆ. ಪಕ್ಕದ ಮನೆಯಲ್ಲಿ ನಾಲ್ಕನೆಯದು ಕೂಗಿದಾಗ ಯಾರೂ ಓಡಿ ಬರಲಿಲ್ಲ, ಅಲ್ಲವಾ? ಅದನ್ನು ಬರೆ. ಒದ್ದೆ ಕೈ, ನೆಲದ ಮೇಲಿನ ಹೆಜ್ಜೆಯ ನೀರು. ಮೌನ, ನೋವು ಅಂತ ಹೆಸರು ಹಿಡಿದು ಕರೆಯುವ ಕೆಲಸವೇ ಇಲ್ಲ, ತಾವಾಗಿ ಬಂದು ಕೂರುತ್ತವೆ.

ಪುರುಸೊತ್ತು ಇಲ್ಲ ಅನ್ನುತ್ತೀ. ಆಯಿಗೂ ಇರಲಿಲ್ಲ. ಬಿಡುವು ಮಾಡಿಕೊಂಡು ಹಾಡಿದವಳಲ್ಲ ಅವಳು, ಕೈ ಕೆಲಸದಲ್ಲಿದ್ದಾಗ ಹಾಡಿದವಳು. ನಮ್ಮಲ್ಲಿ ಕಂಬಳಿಯ ಮೇಲೆ ಕೂರಿಸಿ ಗಂಡನ ಹೆಸರು ಕೇಳಿದರೆ ಒಡಪು, ಅಂದರೆ ಹೆಸರು ಸೇರಿಸಿದ ಪ್ರಾಸದ ಸಾಲು, ಕಟ್ಟಿಯೇ ಹೇಳಬೇಕು, ಬರಿದೇ ಹೆಸರು ಹೇಳಿದರೆ ಬಾಗಿಲು ಬಿಡುವುದಿಲ್ಲ. ಅಮಾವಾಸ್ಯೆಯ ರಾತ್ರಿ ಭಜನೆಯಲ್ಲಿ ಶರೀಫಜ್ಜನ ಪದ ಹಾಡುವವರು ಹಗಲೆಲ್ಲ ಟ್ರ್ಯಾಕ್ಟರ್ ಹೊಡೆದವರು. ನೀನು ಮೆಟ್ರೋದಲ್ಲಿ ನಿಂತಿರುವಾಗ ಒಂದು ತ್ರಿಪದಿ ಬಾಯಲ್ಲಿ ಹಾಕಿಕೊಂಡಿರು, ವಾರಕ್ಕೊಂದು ಸಾಕು. ಇಷ್ಟವಾದದ್ದನ್ನು ಕೈಯಿಂದ ಬರೆದಿಟ್ಟುಕೋ, ಫೋಟೋ ತೆಗೆದಿಟ್ಟರೆ ತಿರುಗಿ ನೋಡುವುದಿಲ್ಲ. ಹಳಗನ್ನಡ ಕಂಡು ಹೆದರಬೇಡ, ಎರಡು ಸಲ ಗಟ್ಟಿಯಾಗಿ ಓದಿದರೆ ಅರ್ಧ ಬಿಡಿಸಿಕೊಳ್ಳುತ್ತದೆ. ಮತ್ತೆ ದಿನಕ್ಕೊಂದು ಸಾಲು ಬರೆ, ಕಂಡದ್ದನ್ನು ಮಾತ್ರ.

ನಾನು ಬರೆದಿಡಲಿಲ್ಲ. ಇದು ನನ್ನ ದೊಡ್ಡ ತಪ್ಪು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಊರಿಗೆ ಹಿಟ್ಟಿನ ಗಿರಣಿ ಬಂತು. ಆಯಿಯ ರಟ್ಟೆಗೆ ಸುಖವಾಯಿತು, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಹಾಡು ಮಾತ್ರ ಕಲ್ಲಿನ ಜೊತೆಗೇ ಮೂಲೆ ಸೇರಿತು. ನುಚ್ಚು ಒಡೆಯುವಾಗ ಒಂದೆರಡು, ನಿನ್ನನ್ನು ಮಲಗಿಸುವಾಗ ಒಂದೆರಡು. ಅವಳು ಹೋದ ಮೇಲೆ ಕೂತು ಬರೆದೆ. ಪೂರ್ತಿ ಸಿಕ್ಕಿದ್ದು ಹತ್ತೊಂಬತ್ತು. ಸಿಕ್ಕಿದ್ದೂ ಹೆಚ್ಚಾಗಿ ಈ ಎರಡನೆಯ ಅಕ್ಷರದ ದೆಸೆಯಿಂದ. ಅಕ್ಷರ ಬರದವರಿಗೆ ಅದೇ ಹಿಡಿಕೆ. ಒಂದು ಸಾಲು ಹಿಡಿದು ಎಳೆದರೆ ಅದೇ ಸದ್ದಿನ ಇನ್ನೊಂದು ಸಾಲು ಹಿಂದೆ ಬರುತ್ತದೆ.

ಇಪ್ಪತ್ತನೆಯದು ಮಾತ್ರ ಬರುತ್ತಿಲ್ಲ. ಇಷ್ಟು ಇದೆ:

ಹೊತ್ತು ಏರಿತು ಮಗಳ ಬುತ್ತಿ ಕಟ್ಟಲೆ ಇಲ್ಲ
ಹತ್ತ್ಯಾಳ ಬಂಡಿ ತಿರುತಿರುಗಿ ನೋಡ್ಯಾಳ

ಮೂರನೆಯ ಸಾಲಿಗೆ ವಹಿಯಲ್ಲಿ ಜಾಗ ಬಿಟ್ಟಿದ್ದೇನೆ. 'ತ್ತ' ಇರಬೇಕು, ಅಷ್ಟು ಖಾತ್ರಿ. ಎತ್ತೋ, ಮುತ್ತೋ, ಕತ್ತಲೆಯೋ ತಿಳಿಯುತ್ತಿಲ್ಲ. ಆಯಿ ಇದನ್ನು ನಿನಗೆ ಜಡೆ ಹೆಣೆಯುವಾಗ ಹಾಡುತ್ತಿದ್ದಳು, ನಾನು ಅಡಿಗೆಮನೆಯಲ್ಲಿ ಇರುತ್ತಿದ್ದೆ. ನಿನ್ನ ಕಿವಿಯಲ್ಲಿ ಎಲ್ಲಾದರೂ ಉಳಿದಿದೆಯಾ ನೋಡು. ಉಳಿದಿರದಿದ್ದರೆ ನೀನೇ ಒಂದು ಸಾಲು ಕಟ್ಟಿ ಕಳಿಸು. ಕಳಿಸಿ ಅಳಿಸಬೇಡ.

ರೊಟ್ಟಿ, ಶೇಂಗಾ ಚಟ್ನಿ ಪಾರ್ಸೆಲ್ಲಿನಲ್ಲಿ ಹಾಕಿದ್ದೇನೆ.

ನಿನ್ನ,
ಅವ್ವ