ಭಾನುವಾರದ ಓದು: ಹಿಮ, ಕಾಡು, ಒಂಟಿತನ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಗೆ ನಮ್ಮ ಓದುಗರ ಗುಂಪಿನ ಆನ್‌ಲೈನ್ ಚರ್ಚೆ ಇದೆ. ವಿಷಯ: ಸಾಹಿತ್ಯದಲ್ಲಿ ಚಳಿಗಾಲ, ಹಿಮ, ಕಾಡುಗಳು ಒಂಟಿತನದ ಸಂಕೇತವಾಗುವ ಬಗೆ.

ಓದಿಕೊಂಡು ಬರಬೇಕಾದದ್ದು ಎರಡೇ. 1923ರಲ್ಲಿ ಪ್ರಕಟವಾದ ರಾಬರ್ಟ್ ಫ್ರಾಸ್ಟ್ ಅವರ ‘ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್ನಿಂಗ್’ ಹದಿನಾರೇ ಸಾಲಿನ ಪದ್ಯ, ಗಟ್ಟಿಯಾಗಿ ಓದಿ. ಕೊನೆಯ ಸಾಲು ಎರಡು ಬಾರಿ ಬರುವುದೇಕೆ ಎಂದು ಯೋಚಿಸಿ. ಇನ್ನೊಂದು, ಜ್ಯಾಕ್ ಲಂಡನ್ ಅವರ ‘ಟು ಬಿಲ್ಡ್ ಎ ಫೈರ್’. ಈ ಕಥೆಯನ್ನು ಅವರು ಎರಡು ಬಾರಿ ಬರೆದಿದ್ದಾರೆ, 1908ರದ್ದನ್ನೇ ಓದಿ. 1902ರದ್ದರಲ್ಲಿ ನಾಯಕ ಬದುಕುಳಿಯುತ್ತಾನೆ, ನಾಯಿಯೂ ಇಲ್ಲ. ಮರದಡಿ ಹೊತ್ತಿಸಿದ ಬೆಂಕಿಯ ಮೇಲೆ ಕೊಂಬೆಗಳ ಹಿಮ ಕುಸಿದು ಬೀಳುವ ಭಾಗಕ್ಕೆ ಗುರುತು ಹಾಕಿಕೊಳ್ಳಿ. ನನಗನ್ನಿಸುವಂತೆ ಅಲ್ಲಿ ಕಾಡು ಕ್ರೂರಿಯಲ್ಲ, ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ದಿಗಿಲು ಹುಟ್ಟಿಸುವುದು ಅದೇ. ಒಪ್ಪದವರು ವಾದಕ್ಕೆ ಸಿದ್ಧರಾಗಿ ಬನ್ನಿ.

ತಲಾ ಐದು ನಿಮಿಷ. ‘ಹಿಮ ಎಂದರೆ ಸಾವು’ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳಬೇಡಿ, ಯಾವುದಾದರೂ ಸಾಲನ್ನು ಎತ್ತಿ ತೋರಿಸಿ ಮಾತನಾಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಆರಿಸಿಕೊಂಡ ಕೃತಿ ಎರಡನ್ನೂ ಇಲ್ಲಿ ತಿಳಿಸಿ. ಕೊಂಡಿಯನ್ನು ಶನಿವಾರ ಹಾಕುತ್ತೇನೆ. ಅಲ್ಲಿಯವರೆಗೆ ಶುಭೋದಯದ ಚಿತ್ರಗಳಿಗೆ ದಯವಿಟ್ಟು ರಜೆ ಕೊಡಿ, ಉತ್ತರಗಳು ಅವುಗಳ ನಡುವೆ ಕಳೆದುಹೋಗುತ್ತವೆ.